ಮಣ್ಣು ಕೊಟ್ಟ ಬಯಲು

"ನಿಮ್ಮವು ಮಕ್ಳೋ ದೆವ್ವಗಳೋ, ಲೇ ಸೊಣ್ಣಿ? ಹೆಣ ಹೂತ ಜಾಗದಲ್ಲಿ ಬೆಳಗ್ಗಿಂದ ಸಂಜೆಗಂಟ ಕುಣೀತವಲ್ಲ, ಹೆತ್ತೋರ್ಗೆ ಮಾನ ಇಲ್ವಾ? ಹೆತ್ತು ಬೀದೀಗ್ ಬಿಸಾಕೋದೊಂದು ಗೊತ್ತು ಮುಂಡೇವ್ಕೆ!"

ತಲೆಯ ಮೇಲೆ ಗೊಬ್ಬರದ ಮಂಕರಿ ಹೊತ್ತಿದ್ದ ಸೊಣ್ಣಮ್ಮ ನಿಂತಲ್ಲೇ ನಿಂತಳು. ಮಂಕರಿಯ ತಳದಿಂದ ಸೋರಿದ ಗಂಜಲ ಅವಳ ಕಿವಿಯ ಪಕ್ಕದಲ್ಲಿ ಇಳಿದು ಕುತ್ತಿಗೆಗೆ ಬರುತ್ತಿತ್ತು. ಎರಡು ಕೈಯೂ ಮಂಕರಿ ಹಿಡಿದಿದ್ದವು. ತನ್ನ ತೋಟದ ಬದುವಿನ ಮೇಲೆ ಕೊಡೆ ಬಿಚ್ಚಿಕೊಂಡು ನಿಂತಿದ್ದ ಚೇರ್ಮನ್ ಅಪ್ಪಯ್ಯಣ್ಣನ ಮುಖ ನೋಡದೆ, ಅವನ ಕಾಲಿನ ಮೆಟ್ಟು ನೋಡುತ್ತಾ ಅಂದಳು:

"ಎಳೇವು ಬುದ್ದಿ. ಇನ್ನೆಲ್ಲಿಗ್ ಹೋಗ್ತವೆ?"

"ಎಲ್ಲಿಗಾದ್ರೂ ಹಾಳಾಗ್ ಹೋಗ್ಲಿ. ಸೋಮವಾರದಿಂದ ಅಲ್ಲಿ ಒಂದು ನರಪಿಳ್ಳೆ ಕಾಣ್ಕೂಡ್ದು. ಬೇಲಿ ಬೀಳ್ತದೆ. ದ್ರಾಕ್ಷಿ ಹಾಕ್ತಿದೀನಿ."

"ಎಲ್ಲಿ ಬುದ್ದಿ?"

"ಅಲ್ಲೇ ಕಣಮ್ಮಿ, ಹೊಂಗೆಮರದ್ ಬಯಲಲ್ಲಿ. ಅದೇನ್ ನಿಮ್ಮಪ್ಪಂದಾ? ಗೋಮಾಳ ಅದು. ನಮ್ ಅಳಿಯಂದ್ರ ಹೆಸ್ರಿಗೆ ದರಖಾಸ್ತು ಹಾಕಿವ್ನಿ. ಹೋಗು, ಹೋಗು, ನಿಂತ್ಕಂಡು ಬಾಯ್ ಬಿಡ್ಬೇಡ."

ಸೊಣ್ಣಮ್ಮ ಹೋಗಿ ಮಂಕರಿ ಬಗ್ಗಿಸಿದಳು. ಆಗಲೇ ಗೊಬ್ಬರ ಬಿದ್ದಿದ್ದ ಗುಂಡಿಗೆ ಮತ್ತೆ ಬಗ್ಗಿಸಿದ್ದಕ್ಕೆ ಅಪ್ಪಯ್ಯಣ್ಣ ಹಿಂದಿನಿಂದ ಇನ್ನೊಂದು ಬಯ್ದ. ಅದು ಅವಳ ಕಿವಿಗೆ ಬೀಳಲಿಲ್ಲ.

ಮಲ್ಲಕುಂಟೆಯಲ್ಲಿ ಕೇರಿಯ ಮಕ್ಕಳಿಗೆ ಆಡಲು ಆ ಬಯಲು ಬಿಟ್ಟರೆ ಬೇರೆ ಜಾಗವಿರಲಿಲ್ಲ. ಕೇರಿ ಎಂದರೆ ಇಪ್ಪತ್ತೆರಡು ಗುಡಿಸಲು. ಒಂದರ ಸೂರು ಇನ್ನೊಂದರ ಸೂರಿಗೆ ತಾಗಿಕೊಂಡಿತ್ತು, ನಡುವೆ ಊರಿನ ಬಚ್ಚಲುಗಳೆಲ್ಲ ಹರಿದು ಬರುವ ಮೋರಿ. ಮಗು ಅಂಬೆಗಾಲಿಟ್ಟರೆ ಮೋರಿಗೆ, ಓಡಿದರೆ ಯಾರದೋ ಒಲೆಗೆ. ಗುಂಡುತೋಪಿನಲ್ಲಿ ಊರ ಹುಡುಗರು ಚಿನ್ನಿದಾಂಡು ಆಡುತ್ತಿದ್ದರು. ಕೇರಿಯ ಹುಡುಗರು ದೂರ ನಿಂತು ನೋಡಬಹುದಿತ್ತು, ತಮ್ಮ ಕಡೆ ಹಾರಿ ಬಂದ ಚಿನ್ನಿಯನ್ನು ಮುಟ್ಟಿದರೆ ಕಲ್ಲು ಬೀಳುತ್ತಿತ್ತು. ಶಾಲೆಯ ಮುಂದೆ ಒಳ್ಳೆಯ ಬಯಲಿತ್ತು. ಅಲ್ಲಿ ಅಪ್ಪಯ್ಯಣ್ಣನ ರಾಗಿಹುಲ್ಲಿನ ಮೆದೆ ಕೂತು ಆರು ವರ್ಷವಾಗಿತ್ತು.

ಉಳಿದದ್ದು ಸುಡುಗಾಡು. ಕೇರಿಯಿಂದ ಕೂಗಳತೆಯಲ್ಲಿ, ಒಂದು ಹೊಂಗೆಮರ, ಸುತ್ತ ಕತ್ತಾಳೆ, ನಡುವೆ ಕಾಲು ಚಾಚಿ ಮಲಗಿದಂಥ ಮಟ್ಟಸ ನೆಲ.

ಎರಡು ವರ್ಷದ ಹಿಂದೆ, ಎಪ್ಪತ್ತೆರಡರ ಬೇಸಿಗೆಯಲ್ಲಿ ಕೇರಿಯ ಬಾವಿ ಬತ್ತಿತ್ತು. ಊರ ಬಾವಿಯ ಬಳಿ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಹೊಯ್ಯಲಿ ಎಂದು ಹೆಂಗಸರು ಬಿಸಿಲಲ್ಲಿ ಕಾಯಬೇಕು. ಅಷ್ಟು ಹೊತ್ತು ಕಾಯಲಾರದ ಮಕ್ಕಳು ಎಮ್ಮೆ ತೊಳೆಯುವ ಕುಂಟೆಗೆ ಬಾಯಿ ಹಾಕಿದವು. ಒಂದೇ ವಾರದಲ್ಲಿ ವಾಂತಿಭೇದಿಯಾಗಿ ನಾಲ್ಕು ಮಕ್ಕಳು ಹೋದವು. ಸೊಣ್ಣಮ್ಮನ ದೊಡ್ಡ ಮಗಳು ಲಚ್ಚಿ ಮೂರನೆಯವಳು. ಏಳು ವರ್ಷ. ದೇವನಹಳ್ಳಿಗೆ ಒಯ್ಯಲು ಗಾಡಿ ಕೇಳಿದಾಗ ಅಪ್ಪಯ್ಯಣ್ಣ "ಎತ್ತು ದಣ್ದವೆ ಕಣೋ" ಎಂದಿದ್ದ. ಅವನ ಮನೆಯಲ್ಲೇ ಜೀತಕ್ಕಿದ್ದ ಸೊಣ್ಣಮ್ಮನ ಗಂಡ ಬೈಲಪ್ಪ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದ. ದಾರಿಯ ನಡುವಿನ ಆವತಿ ದಾಟುವ ಹೊತ್ತಿಗೆ ಹೆಗಲ ಮೇಲಿನ ಮೈ ತಣ್ಣಗಾಯಿತು. ಅಲ್ಲಿಂದ ಅವನು ಓಡಲಿಲ್ಲ. ಹಿಂದಕ್ಕೆ ನಿಧಾನವಾಗಿ ನಡೆದುಕೊಂಡು ಬಂದ.

ನಾಲ್ಕು ಮಕ್ಕಳಿಗೂ ಹೊಂಗೆಮರದ ಕೆಳಗೆ ಒಂದೇ ಸಾಲಿನಲ್ಲಿ ಮಣ್ಣು ಕೊಟ್ಟರು.

ಕೆಲವು ತಿಂಗಳು ಮಕ್ಕಳು ಆ ಕಡೆ ಸುಳಿಯಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಹೋದವು. ಅದು ತಿಳಿದ ದಿನ ಸೊಣ್ಣಮ್ಮ ಹುಣಸೆ ಬರಲು ಮುರಿದುಕೊಂಡು ಹೊರಟಳು, ಕಾಲು ಮುರಿಯುತ್ತೇನೆಂದು. ಕತ್ತಾಳೆಯ ಹಿಂದೆ ಬಂದು ನೋಡಿದರೆ, ಲಚ್ಚಿಯ ಗುಡ್ಡೆಯ ಪಕ್ಕದಲ್ಲೇ ಕುಂಟೆಬಿಲ್ಲೆಯ ಮನೆ ಬರೆದಿದ್ದರು. ಪಕ್ಕದ ಗುಡಿಸಲಿನ ಮುತ್ತಮ್ಮನ ಮಗಳು ಗಂಗಿ ಕುಂಟುತ್ತಿದ್ದಳು. ಆರನೇ ಮನೆ ಮುಗಿಸಿ ಹೊರಗೆ ಬಂದು, ಬಿಲ್ಲೆ ಎತ್ತಿಕೊಂಡು ಅಂದಳು:

"ಈಗ ಲಚ್ಚಿ ಆಟ."

ಸೊಣ್ಣಮ್ಮನ ಚಿಕ್ಕವಳು ನಾಗಿ ಮುಂದೆ ಬಂದು ಅಕ್ಕನ ಪರವಾಗಿ ಬಿಲ್ಲೆ ಎಸೆದು ಕುಂಟಿದಳು. ಮೂರನೇ ಮನೆಯಲ್ಲಿ ಕಾಲು ಗೆರೆಗೆ ತಾಗಿತು.

"ಲಚ್ಚಿ ಔಟು!" ಎಂದು ಗಂಗಿ ಕೂಗಿದಳು. "ಈಗ ಚೌಡಪ್ಪನ ಆಟ."

ಚೌಡಪ್ಪ ಗಂಗಿಯ ತಮ್ಮ. ಲಚ್ಚಿಯ ಮಾರನೆಯ ದಿನ ಹೋದವನು.

ಸೊಣ್ಣಮ್ಮ ಬರಲನ್ನು ಕತ್ತಾಳೆಯೊಳಗೆ ಎಸೆದು ಅಲ್ಲೇ ಕೂತುಬಿಟ್ಟಳು. ಅಂದಿನಿಂದ ಕೂಲಿ ಮುಗಿಸಿ ಬರುವಾಗ ಬಯಲನ್ನು ಬಳಸಿಕೊಂಡೇ ಬರುವುದು ಅಭ್ಯಾಸವಾಯಿತು. ಮುದ್ದೆ ಇಕ್ಕುವಾಗ ನಾಗಿಯನ್ನು ಕೇಳುತ್ತಿದ್ದಳು:

"ಇವತ್ತು ನಿಮ್ಮಕ್ಕ ಗೆದ್ಲೇನೇ?"

"ಇಲ್ಲ ಕಣವ್ವ. ಗೆರೆ ತುಳಿದ್ಲು."

"ಹೋಗ್ಲಿ ಬಿಡು. ನಾಳೆ ಗೆಲ್ತಾಳೆ."

ಬೈಲಪ್ಪ ಈ ಮಾತು ಬಂದಾಗ ತಟ್ಟೆ ಬಿಟ್ಟು ಎದ್ದು ಹೊರಗೆ ಹೋಗುತ್ತಿದ್ದ. ಸೊಣ್ಣಮ್ಮ ನಿಲ್ಲಿಸಲಿಲ್ಲ. ಅವಳ ಲೆಕ್ಕದಲ್ಲಿ ಲಚ್ಚಿಗೆ ಈಗ ಒಂಬತ್ತು ವರ್ಷ ನಡೆಯುತ್ತಿತ್ತು.

ಸೋಮವಾರ ಬೆಳಗ್ಗೆ ಮೂರು ಗಾಡಿ ಕಲ್ಲುಕಂಬ ಬಂದು ಬಯಲಿನ ಅಂಚಿನಲ್ಲಿ ಬಿದ್ದವು. ಗುಂಡಿ ತೋಡಲು ಅಪ್ಪಯ್ಯಣ್ಣ ಕರೆದದ್ದು ಕೇರಿಯ ಗಂಡಸರನ್ನೇ.

"ಹೋಗ್ಬೇಡ," ಅಂದಳು ಸೊಣ್ಣಮ್ಮ.

"ನಾನ್ ಜೀತದಾಳು ಕಣೇ. ಹೋಗ್ದೆ ಎಲ್ಲಿಗ್ ಹೋಗ್ಲಿ?" ಬೈಲಪ್ಪ ಗಡಾರಿ ಹೆಗಲಿಗೇರಿಸಿಕೊಂಡ. "ನಂಗಾದ್ರೆ ಎಲ್ಲೆಲ್ಲಿ ಯಾರ್ಯಾರವ್ರೆ ಅಂತ ಗೊತ್ತು. ಬಿಟ್ಟು ತೋಡ್ತೀನಿ. ಬೇರೆಯೋರು ಬಂದ್ರೆ ಎದೆಗೇ ಗಡಾರಿ ಇಳಿಸ್ತಾರೆ."

ಮೊದಲು ಸುತ್ತಲೂ ಕಂಬ ನೆಟ್ಟು ಮುಳ್ಳುತಂತಿ ಎಳೆದರು. ನಾಲ್ಕನೇ ದಿನ ಒಳಗಿನ ಚಪ್ಪರದ ಕಂಬಗಳಿಗೆ ದಾರ ಹಿಡಿದು ಗುರುತು ಹಾಕುವ ಕೆಲಸ. ಮಧ್ಯಾಹ್ನ ಸೊಣ್ಣಮ್ಮ ಗಂಡನಿಗೆ ಹಿಟ್ಟು ತೆಗೆದುಕೊಂಡು ಹೋದಾಗ ಹಳದಿ ದಾರ ಬಯಲಿನ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ನಿಂತಿತ್ತು. ಹೊಂಗೆಮರದ ಕೆಳಗೆ, ಮಳೆಗೆ ಕರಗಿ ನೆಲಕ್ಕಿಳಿದಿದ್ದ ನಾಲ್ಕು ಗುಡ್ಡೆಗಳ ಮೇಲೆಯೇ ಅದು ಹಾದಿತ್ತು. ಬೈಲಪ್ಪ ಗಡಾರಿ ನೆಲಕ್ಕೆ ಊರಿಕೊಂಡು ನಿಂತಿದ್ದ.

"ತೋಡೋ," ಅಂದ ಅಪ್ಪಯ್ಯಣ್ಣ.

"ಬುದ್ದಿ, ಒಂದ್ ಮಾರು ಆ ಕಡೆ ತಗೊಂಡ್ರೆ..."

"ದಾರ ಸೊಟ್ಟಗಾಯ್ತದೆ ಕಣೋ ಬೋಳಿಮಗನೆ! ಚಪ್ಪರ ಏನ್ ನಿನ್ ಹೆಂಡ್ತಿ ಸೀರೆ ನೆರಿಗೇನಾ, ಹೆಂಗಂದ್ರಂಗೆ ಇರೋಕೆ? ನೇರಕ್ ಬರ್ಬೇಕು. ತೋಡು."

"ಇಲ್ಲಿ ನಮ್ ಮಗಳವ್ಳೆ ಬುದ್ದಿ."

"ಇದ್ರೆ ಇರ್ಲಿ, ಗೊಬ್ರ ಆಯ್ತದೆ."

ಬೈಲಪ್ಪನ ಕೈಯಿಂದ ಗಡಾರಿ ಬಿತ್ತು. ಬಿಟ್ಟನೋ ಜಾರಿತೋ ಅವನಿಗೇ ಗೊತ್ತಾಗಲಿಲ್ಲ. ಅಪ್ಪಯ್ಯಣ್ಣ ಬಲಗಾಲಿನ ಮೆಟ್ಟು ತೆಗೆದ. ಒಂದು, ಎರಡು, ಮೂರು. ಕೆನ್ನೆಗೆ ಬಿದ್ದ ಸದ್ದು ತಂತಿಯ ಆಚೆ ನಿಂತಿದ್ದ ಮಕ್ಕಳಿಗೂ ಕೇಳಿಸಿತು. ಬೈಲಪ್ಪ ಕೈ ಅಡ್ಡ ತರಲಿಲ್ಲ. ನಾಲ್ಕನೆಯ ಏಟಿಗೆ ಕೂತುಕೊಂಡ. ಸೊಣ್ಣಮ್ಮ ಓಡಿ ಬಂದು ನಡುವೆ ನಿಂತಾಗ ಅಪ್ಪಯ್ಯಣ್ಣ ಅವಳ ಕೈಯಲ್ಲಿದ್ದ ಗಂಗಳವನ್ನು ಒದ್ದ. ಮುದ್ದೆ ಉರುಳಿ ಮಣ್ಣಾಯಿತು.

"ನಾಳಿದ್ದು ಚನ್ನರಾಯಪಟ್ಟಣದ ಕಡೆಯಿಂದ ಒಡ್ಡರನ್ನ ಕರೆಸ್ತೀನಿ. ನಿಮ್ಮ ಮುಖ ಯಾವನ್ ನೋಡ್ತಾನೆ," ಎಂದು ಮೆಟ್ಟು ಹಾಕಿಕೊಂಡು ಹೋದ.

ಆ ದಿನ ನಾಗಿ ಅಪ್ಪನ ಮುಖ ನೋಡಲಿಲ್ಲ. ಅಪ್ಪನೂ ಅವಳ ಮುಖ ನೋಡಲಿಲ್ಲ.

ಕೇರಿಯ ಹಿರಿಯ ದೊಡ್ಡಮುನಿಯಪ್ಪ ಅದೇ ಸಂಜೆ ಮೇಷ್ಟ್ರ ಕಾಲು ಹಿಡಿದು ಒಂದು ಅರ್ಜಿ ಬರೆಸಿ, ಮಾರನೆಯ ದಿನ ದೇವನಹಳ್ಳಿಗೆ ನಡೆದು ಹೋಗಿ ತಾಲ್ಲೂಕು ಕಚೇರಿಯಲ್ಲಿ ಕೊಟ್ಟು ಬಂದ. ಸಾಹೇಬರು ಬಂದು ಜಾಗ ನೋಡುವವರೆಗೆ ಕೆಲಸ ನಿಲ್ಲಬೇಕು ಎಂದು ಹೇಳಿ ಕಳಿಸಿದರಂತೆ. ಅಪ್ಪಯ್ಯಣ್ಣನಿಗೆ ಕೋಪ ಬರಲಿಲ್ಲ. "ಬರ್ಲಿ ಬರ್ಲಿ, ಒಳ್ಳೇದೇ ಆಯ್ತು. ನೋಡಿ ಬರ್ಕಂಡ್ ಹೋಗ್ಲಿ," ಎಂದು ನಕ್ಕನಂತೆ.

ಕೆಲಸ ನಿಂತಿತು, ಬೇಲಿ ಉಳಿಯಿತು. ಮಕ್ಕಳು ಗುಡಿಸಲುಗಳ ಮುಂದೆ ಮೋರಿಯ ದಂಡೆಯಲ್ಲಿ ಕೂತವು. ಒಂದೆರಡು ದಿನ ಒಂದನ್ನೊಂದು ಚಿವುಟಿಕೊಂಡು ಜಗಳವಾಡಿದವು. ಆಮೇಲೆ ಅದೂ ನಿಂತಿತು. ಕೂಲಿಯಿಂದ ಬಂದ ಹೆಂಗಸರಿಗೆ ಕೇರಿ ಬೇರೆ ಯಾವುದೋ ಕೇರಿಯಂತೆ ಕಾಣುತ್ತಿತ್ತು. ನಾಗಿ ಮುದ್ದೆ ಮುರಿದು ಬಾಯಿಗಿಡದೆ ಬೆರಳಿನಲ್ಲೇ ಉರುಳಿಸುತ್ತಾ ಕೂರುವಳು. ಸೊಣ್ಣಮ್ಮ ಅಭ್ಯಾಸಬಲದಿಂದ "ನಿಮ್ಮಕ್ಕ..." ಎಂದು ಬಾಯಿ ತೆರೆದು ಮುಚ್ಚಿಕೊಂಡಳು.

ಮೂರನೆಯ ದಿನ ಹೊತ್ತು ಇಳಿಯುವಾಗ ಅವಳಿಗೆ ಸದ್ದು ಕೇಳಿಸಿತು. ಬಯಲಿನ ಕಡೆಯಿಂದ. ಒಂಟಿಕಾಲಿನಲ್ಲಿ ಕುಂಟುವಾಗ ನೆಲ ಕೊಡುವಂಥ ಸದ್ದು. ನಿಂತು, ಮತ್ತೆ ಕುಂಟಿ, ಮತ್ತೆ ನಿಂತು. ಎದ್ದು ಬಾಗಿಲಿಗೆ ಬಂದಳು. ಕೇರಿಯ ಮಕ್ಕಳೆಲ್ಲ ಕಣ್ಣ ಮುಂದೆಯೇ ಇದ್ದವು, ಎಣಿಸಿ ನೋಡಿದಳು. ಬೇಲಿಯೊಳಗೆ ಯಾರೂ ಇರಲಿಲ್ಲ. ಹಳದಿ ದಾರ ಗಾಳಿಗೆ ಅಲುಗುತ್ತಿತ್ತು.

ಮಾರನೆಯ ದಿನವೂ ಕೇಳಿಸಿತು. ಅದರ ಮಾರನೆಯ ದಿನವೂ. ಅವಳು ಯಾರಿಗೂ ಹೇಳಲಿಲ್ಲ. ಮುತ್ತಮ್ಮ ಅಕ್ಕಿ ಆರಿಸುವ ನೆವದಲ್ಲಿ ಬಂದು ಪಕ್ಕದಲ್ಲಿ ಕೂತು, ಮೊರದಿಂದ ಕಣ್ಣೆತ್ತದೆ ಕೇಳಿದಳು:

"ಅಕ್ಕಾ, ನಿಂಗೂ ಕೇಳ್ತದಾ?"

"ಹೂಂ."

"ಎಷ್ಟ್ ಮಕ್ಳು?"

"ನಾಲ್ಕೇ ಕಣೇ."

ಮುತ್ತಮ್ಮ ಮೊರ ಕೆಳಗಿಟ್ಟು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಬುಧವಾರ ಜೀಪು ಬಂತು. ಅದು ನೇರವಾಗಿ ಅಪ್ಪಯ್ಯಣ್ಣನ ಮನೆಯ ಮುಂದೆ ನಿಂತಿತು. ರೆವಿನ್ಯೂ ಇನ್‌ಸ್ಪೆಕ್ಟರ್ ಸಾಹೇಬರು ಕೋಳಿಸಾರಿನ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಬಯಲಿಗೆ ಬರುವಾಗ ಹೊತ್ತು ವಾಲಿತ್ತು. ಅವರಿಗೆ ಕೂರಲು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದವನು ಬೈಲಪ್ಪ. ಕೇರಿಯವರೆಲ್ಲ ತಂತಿಯ ಹೊರಗೆ ನಿಂತರು. ದೊಡ್ಡಮುನಿಯಪ್ಪನನ್ನು ಮಾತ್ರ ಒಳಗೆ ಕರೆದರು.

ಸಾಹೇಬರು ಕೆಟ್ಟವರಂತೆ ಕಾಣಲಿಲ್ಲ. ಬೆವರೊರೆಸಿಕೊಂಡು, ಮುದುಕನಿಗೆ ಬಹುವಚನದಲ್ಲೇ ಕೇಳಿದರು:

"ಎಷ್ಟು ವರ್ಷದಿಂದ ಇಲ್ಲಿ ಹೂಳ್ತಿದೀರಿ ಯಜಮಾನ್ರೇ?"

"ನಮ್ ತಾತನ ಕಾಲದಿಂದ್ಲೂ ಸ್ವಾಮಿ. ನಮ್ಮಪ್ಪ ಅಗೋ ಆ ಕತ್ತಾಳೆ ತಾವವ್ನೆ. ನಮ್ ಹೆಂಡ್ರು ಇಲ್ಲೇ ಅವ್ಳೆ, ನಿಮ್ ಕುರ್ಚಿ ಪಕ್ಕದಲ್ಲಿ."

ಸಾಹೇಬರು ಕುರ್ಚಿಯನ್ನು ಸ್ವಲ್ಪ ಸರಿಸಿಕೊಂಡರು. "ಒಂದು ಕಲ್ಲಾದ್ರೂ ಇದೆಯಾ? ಸಮಾಧಿ, ಗುರುತು? ನಕ್ಷೆಯಲ್ಲಿ ಸ್ಮಶಾನ ಅಂತ ಇಲ್ಲ, ನೋಡಿ."

"ಕಲ್ ನೆಡೋಕೆ ನಮ್ಮಂತೋರ್ನ ಯಾರ್ ಬಿಡ್ತಾರೆ ಸ್ವಾಮಿ? ಮಣ್ಣೆಳೆದು ಮುಳ್ಳು ಹೊಚ್ಚಿ ಬತ್ತೀವಿ."

ಅಪ್ಪಯ್ಯಣ್ಣ ಮುಂದೆ ಬಂದ. ಅವನ ಮಾತು ಸಾಹೇಬರ ಎದುರು ಬೇರೆಯಾಗಿತ್ತು. "ಸ್ವಾಮಿ, ನೀವೂ ಮಕ್ಕಳೊಂದಿಗರು. ಹೆಣ ಹೂತ ಜಾಗದಲ್ಲಿ ಯಾರಾದ್ರೂ ಮಕ್ಕಳನ್ನ ಆಡೋಕೆ ಬಿಡ್ತಾರಾ? ದಿನಾ ಇವರ ಮಕ್ಕಳು ಆಡ್ತಿದ್ದಿದ್ದು ಇಲ್ಲೇ. ಕೇಳಿ, ಅವರನ್ನೇ ಕೇಳಿ."

"ಅವತ್ತು ತೋಟದಲ್ಲಿ ಹೆಣ ಹೂತ ಜಾಗ ಅಂದಿದ್ದು ನೀವೇ ಅಲ್ವಾ ಬುದ್ದಿ?" ತಂತಿಯ ಆಚೆಯಿಂದ ಸೊಣ್ಣಮ್ಮ ಕೂಗಿದಳು.

"ನೋಡಿದ್ರಾ ಸ್ವಾಮಿ, ಹೆಂಗಸರ ಬಾಯಿ ಹೆಂಗಿದೆ?"

ಸಾಹೇಬರು ಕೈಯೆತ್ತಿ ಇಬ್ಬರನ್ನೂ ಸುಮ್ಮನಿರಿಸಿ, ತಂತಿಗೆ ಮುಖ ಒತ್ತಿಕೊಂಡಿದ್ದ ನಾಗಿಯನ್ನು ಹತ್ತಿರ ಕರೆದರು. ಯಾರೋ ತಂತಿ ಎತ್ತಿ ಹಿಡಿದು ಅವಳನ್ನು ಒಳಗೆ ನುಸುಳಿಸಿದರು.

"ಪುಟ್ಟಿ, ನೀವೆಲ್ಲ ಇಲ್ಲಿ ಆಡ್ತಿದ್ರಾ?"

"ಹೂಂ."

"ಏನಾಟ?"

"ಕುಂಟೆಬಿಲ್ಲೆ. ಕಣ್ಣಾಮುಚ್ಚಾಲೆ. ಎಲ್ಲಾ."

"ಹೆದರಿಕೆ ಆಗ್ತಿರ್ಲಿಲ್ವಾ?"

"ಯಾಕಾಯ್ತದೆ? ನಮ್ಮಕ್ಕ ಇದ್ಳಲ್ಲ."

"ಅಕ್ಕನೂ ಬರ್ತಿದ್ಳಾ ಆಡೋಕೆ?"

"ದಿನಾ."

ಸಾಹೇಬರು ತಲೆದೂಗಿ ಬರೆದುಕೊಂಡರು. ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಸದರಿ ಜಾಗವು ಖಾಲಿ ಇದ್ದು, ಮಕ್ಕಳು ಯಾವುದೇ ಭಯವಿಲ್ಲದೆ ದಿನನಿತ್ಯ ಆಟವಾಡುತ್ತಿದ್ದುದು ವಿಚಾರಣೆಯಿಂದ ತಿಳಿದುಬಂದಿದ್ದು, ಸ್ಮಶಾನದ ಯಾವುದೇ ಕುರುಹು ಕಂಡುಬಂದಿಲ್ಲ."

ದೊಡ್ಡಮುನಿಯಪ್ಪ ಕೈ ಮುಗಿದ. "ಹಂಗಾದ್ರೆ ಮಕ್ಳು ಆಡೋ ಬಯಲು ಅಂತ್ಲಾದ್ರೂ ಬರ್ಕೊಳಿ ಸ್ವಾಮಿ. ಎಳೇವ್ಕಾದ್ರೂ ಉಳೀಲಿ."

"ಆಟದ ಮೈದಾನ ಶಾಲೆಗೆ ಇರತ್ತೆ ಯಜಮಾನ್ರೇ, ಕೇರಿಗಿರಲ್ಲ. ನಿಮ್ಮೂರ ಶಾಲೆ ಮುಂದೆ ಇದೆಯಲ್ಲ, ಕಾಗದದಲ್ಲಿ ನೋಡಿದೆ."

"ಅಲ್ಲಿ ಬುದ್ದಿಯೋರ ಹುಲ್ಲಿನ ಮೆದೆ..."

ಅಪ್ಪಯ್ಯಣ್ಣ ಕೆಮ್ಮಿದ. ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.

"ನಾನೇನು ಮಾಡ್ಲಿ ಹೇಳಿ? ಕಣ್ಣಿಗೆ ಕಂಡದ್ದನ್ನ ಬರೀಬೇಕು ನಾನು. ಇಲ್ಲಿ ಕಣ್ಣಿಗೇನೂ ಕಾಣ್ತಿಲ್ಲ. ಬನ್ನಿ, ನಾಲ್ಕು ಜನ ಹೆಬ್ಬೆಟ್ಟು ಒತ್ತಿ."

ಜವಾನ ಮಸಿಡಬ್ಬಿ ತೆರೆದ. ಅಪ್ಪಯ್ಯಣ್ಣ ಬೈಲಪ್ಪನ ಮಣಿಕಟ್ಟು ಹಿಡಿದು ಎಳೆದ. ಬೈಲಪ್ಪ ಎಳೆದ ಕಡೆ ಹೋದ. ಅವನ ಹೆಬ್ಬೆರಳು ಮಸಿಗೆ ತಾಗಿ ಕಾಗದಕ್ಕೆ ಇಳಿಯುವಾಗ, ಹಿಂದೆ ಒಂದು ಸದ್ದು ಕೇಳಿಸಿತು. ಗುದ್ದಲಿ ನೆಲಕ್ಕೆ ಬಿದ್ದ ಸದ್ದು.

ಸೊಣ್ಣಮ್ಮ ತಂತಿ ದಾಟಿ ಯಾವಾಗ ಒಳಗೆ ಬಂದಳೋ ಯಾರೂ ನೋಡಿರಲಿಲ್ಲ. ಸೀರೆ ಮುಳ್ಳಿಗೆ ಸಿಕ್ಕಿ ಹರಿದಿತ್ತು, ತೋಳಿನಿಂದ ರಕ್ತ ಇಳಿಯುತ್ತಿತ್ತು. ಕಂಬದ ಗುಂಡಿಯ ಪಕ್ಕದಲ್ಲಿ ಬಿದ್ದಿದ್ದ ಗುದ್ದಲಿ ಎತ್ತಿಕೊಂಡು, ಸಾಲಿನ ಮೂರನೇ ಗುಡ್ಡೆಗೆ ಹಾಕಿದ್ದಳು.

"ಏಯ್! ಏನ್ ಮಾಡ್ತಿದೀಯಾ ಲೌಡಿ?" ಅಪ್ಪಯ್ಯಣ್ಣ ಕೂಗಿದ. "ಹಿಡಿಯೋ ಅವಳ್ನ, ಬೈಲ!"

ಬೈಲಪ್ಪ ಅಲ್ಲಾಡಲಿಲ್ಲ. ಅವನ ಹೆಬ್ಬೆರಳ ಮಸಿ ಕಾಗದ ಮುಟ್ಟದೆ ನೆಲಕ್ಕೆ ತೊಟ್ಟಿಕ್ಕಿತು. ಅವನ ಮಣಿಕಟ್ಟು ಅಪ್ಪಯ್ಯಣ್ಣನ ಹಿಡಿತದಿಂದ ಬಿಡಿಸಿಕೊಂಡಿತು. ಅದಕ್ಕೆ ಜಾಸ್ತಿ ಬಲ ಬೇಕಾಗಲಿಲ್ಲ.

ಸೊಣ್ಣಮ್ಮ ಯಾರ ಮಾತಿಗೂ ತಿರುಗಲಿಲ್ಲ. ಮೊಣಕಾಲಿನಷ್ಟು ಆಳವಾಯಿತು. ಮಣ್ಣಿನ ಬಣ್ಣ ಬದಲಾದದ್ದು ಕಂಡ ಕೂಡಲೇ ಗುದ್ದಲಿ ಪಕ್ಕಕ್ಕಿಟ್ಟು ಕೂತು ಕೈಯಿಂದ ಬಗೆಯತೊಡಗಿದಳು. ಮಲಗಿದ ಮಗುವಿನ ಹೊದಿಕೆ ಸರಿಸುವ ಹಾಗೆ, ಮೆಲ್ಲಗೆ. ಸಾಹೇಬರು ಎದ್ದು ನಿಂತರು. "ಬೇಡಮ್ಮ, ಬೇಡ, ಬಿಡು," ಎಂದರು.

ಅವಳ ಬೆರಳಿಗೆ ಬಟ್ಟೆ ಸಿಕ್ಕಿತು. ತನ್ನ ಮದುವೆಯ ಸೀರೆಯಿಂದ ತಾನೇ ಹರಿದುಕೊಟ್ಟ ತುಂಡು. ಕೆಂಪು ಹೋಗಿ ಮಣ್ಣಿನ ಬಣ್ಣವೇ ಆಗಿತ್ತು. ಅದರ ಸುತ್ತ ಎರಡು ಕೈ ಹಾಕಿ, ಒಂದು ಚೂರೂ ಕೆಳಗೆ ಬೀಳದ ಹಾಗೆ ಎತ್ತಿ ಮಡಿಲಿಗೆ ಹಾಕಿಕೊಂಡಳು. ಎಷ್ಟು ಹಗುರ. ಹುಟ್ಟಿದ ದಿನ ಇದಕ್ಕಿಂತ ಭಾರವಿದ್ದಳು.

ಎದ್ದು ಕುರ್ಚಿಯ ಮುಂದೆ ಬಂದು ನಿಂತಳು.

"ಕಣ್ಣಿಗೆ ಕಂಡಿದ್ದು ಬರೀತೀನಿ ಅಂದ್ರಲ್ಲ ಸ್ವಾಮಿ. ಬರ್ಕೊಳಿ. ಹೆಸ್ರು ಲಚ್ಚಿ. ಬೈಲಪ್ಪನ ಮಗಳು."

ಸಾಹೇಬರು ಹಿಂದಕ್ಕೆ ಹೆಜ್ಜೆಯಿಟ್ಟಾಗ ಕುರ್ಚಿ ಉರುಳಿತು. ಕಾಗದ ಹಾರಿ ಅಪ್ಪಯ್ಯಣ್ಣನ ಕಾಲಿಗೆ ಬಿತ್ತು. ಅಪ್ಪಯ್ಯಣ್ಣ ಮೂಗು ಮುಚ್ಚಿಕೊಂಡ.

"ಮುಚ್ಚಮ್ಮ," ಎಂದರು ಸಾಹೇಬರು, ಬೇರೆ ಕಡೆ ನೋಡುತ್ತಾ. "ನಿನ್ನ ದಮ್ಮಯ್ಯ, ಮೊದಲು ಅದನ್ನ ಮುಚ್ಚು."

"ಎಲ್ ಮುಚ್ಲಿ ಸ್ವಾಮಿ?" ಸೊಣ್ಣಮ್ಮ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳುವವರ ದನಿ ಅದು. "ಜಾಗ ತೋರ್ಸಿ. ಅಲ್ಲೇ ಮುಚ್ತೀನಿ."

ಸಾಹೇಬರು ನಕ್ಷೆ ನೋಡಿದರು. ಜೀಪಿನ ಕಡೆ ನೋಡಿದರು. ಅವಳಿಗೆ ತೋರಿಸಲು ಅವರ ಕೈ ಯಾವ ಕಡೆಗೂ ಏಳಲಿಲ್ಲ.

ಬೇಲಿಯ ತಂತಿ ಕಿರುಗುಟ್ಟಿತು. ಮುತ್ತಮ್ಮ ಒಳಗೆ ಬಂದಳು. ಅವಳ ಹಿಂದೆ ಉಳಿದಿಬ್ಬರು ಮಕ್ಕಳ ತಾಯಂದಿರು. ಯಾರೂ ಅಳುತ್ತಿರಲಿಲ್ಲ. ಮುತ್ತಮ್ಮ ಸೊಣ್ಣಮ್ಮನ ಮಡಿಲು ನೋಡಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ನಾಲ್ಕನೇ ಗುಡ್ಡೆಯ ಮುಂದೆ, ತನ್ನ ಚೌಡಪ್ಪನ ಮುಂದೆ ನಿಂತು, ಬಗ್ಗಿ ಗುದ್ದಲಿ ಎತ್ತಿಕೊಂಡಳು.